ಕಿವಿಗೆ ಯೆಲ್ಲೋ, ಕಣ್ಣಿಗೆ ಜೆಲ್ಲಿ: ಅಮೆರಿಕದಲ್ಲಿ ಹುಟ್ಟುವ ಮಗುವಿಗೆ ಡಚ್ ಹೆಸರೋ, ಫ್ರಿಸಿಯನ್ ಹೆಸರೋ?

ನಮ್ಮ ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲೆ 11 ಖಾಲಿ ಕಾಗದದ ಲೋಟಗಳು ಸಾಲಾಗಿ ಕೂತಿವೆ. ಎಸೆಯಲು ಕೈ ಹಾಕಿದರೆ ಅಕ್ಕನ ಮಗಳು ಓಡಿ ಬರುತ್ತಾಳೆ. ಅವಳು ಬಸುರಿ, ಏಳು ತಿಂಗಳು ತುಂಬಿದೆ, ಓಡಾಟ ಬೇಡವೆಂದು ಈಗ ನಾನೇ ಅವನ್ನು ಒರೆಸಿ ಇಡುತ್ತೇನೆ. ಪ್ರತಿ ಲೋಟದ ಮೇಲೂ ಕಪ್ಪು ಮಾರ್ಕರಿನಲ್ಲಿ ಒಂದೊಂದು ಹೆಸರಿದೆ. ಹೇಳಿದ್ದು ಹೇಳಿದ ಹಾಗೇ ಬಂದಿರುವುದು ಎರಡರಲ್ಲಿ ಮಾತ್ರ.

ಅವಳ ಗಂಡ ನೆದರ್‌ಲ್ಯಾಂಡ್ಸಿನ ಉತ್ತರಕ್ಕಿರುವ ಫ್ರಿಸ್‌ಲಾಂಡ್ ಪ್ರಾಂತದವನು. ದೇಶದ ಭಾಷೆ ಡಚ್, ಆ ಪ್ರಾಂತಕ್ಕೆ ಫ್ರಿಸಿಯನ್ ಎಂಬ ತನ್ನದೇ ಭಾಷೆಯೂ ಇದೆ. ಇಬ್ಬರೂ ಆ ದೇಶದ ಐಂಡ್‌ಹೋವನ್‌ನಲ್ಲಿ ಕೆಲಸದಲ್ಲಿದ್ದಾಗ ಮದುವೆಯಾಯಿತು, ಹೋದ ವರ್ಷ ನಮ್ಮೂರು ಗ್ರಾಂಡ್ ರಾಪಿಡ್ಸ್‌ಗೆ ಬಂದರು. ಮಗು ಹುಟ್ಟುವುದು, ಶಾಲೆಗೆ ಹೋಗುವುದು ಎಲ್ಲ ಇಲ್ಲೇ, ಅಮೆರಿಕದ ಮಿಷಿಗನ್ ರಾಜ್ಯದಲ್ಲಿ. ಹೆಸರು ಮಾತ್ರ ಅಪ್ಪನ ಊರಿನದಾಗಬೇಕು, ಮನೆತನದ ಹೆಸರು ಹೇಗೂ ನಮ್ಮ ಕಡೆಯದನ್ನು ಸೇರಿಸುತ್ತೇವೆ ಅಂತ ಇಬ್ಬರಲ್ಲೂ ಒಪ್ಪಂದ. ಇಲ್ಲಿನ ಕಾಫಿ ಅಂಗಡಿಯವರು ಗಿರಾಕಿಯ ಹೆಸರು ಕೇಳಿ ಲೋಟದ ಮೇಲೆ ಬರೆಯುತ್ತಾರೆ. ಹಾಗಾಗಿ ಒಂದು ಪಟ್ಟಿ ಮಾಡಿಕೊಂಡು, ಒಂದೊಂದು ಸಲ ಒಂದೊಂದು ಹೆಸರಿನಲ್ಲಿ ಕಾಫಿ ಹೇಳಿ ಲೋಟ ತರುತ್ತಿದ್ದಾರೆ. ಅಕ್ಷರ ಬಿಡಿಸಿ ಹೇಳಬಾರದು, ತಿದ್ದಬಾರದು. ಅಷ್ಟೇ ನಿಯಮ.

ಮೊದಲ ಲೋಟ ಅಳಿಯನದ್ದೇ. ಅವನ ಹೆಸರಿನ ಅಕ್ಷರಗಳು ಜೆ, ಇ, ಎರಡು ಎಲ್, ಕೊನೆಗೆ ಇನ್ನೊಂದು ಇ. ಡಚ್ಚಿನಲ್ಲೂ ಫ್ರಿಸಿಯನ್ನಿನಲ್ಲೂ ಅದು ‘ಯೆಲ್ಲ’. ನಾವು ಮಾತಿನಲ್ಲಿ ‘ಎಲ್ಲ’ ಅನ್ನುವ ಹಾಗೇ. (ಮೊದಲ ಸಲ ಅವನು ಉಡುಪಿಗೆ ಬರುವಾಗ ಇವಳು ಫೋನಿನಲ್ಲಿ "ಎಲ್ಲ ಬರ್ತಿದಾನೆ" ಅಂದಳಂತೆ. ಅಕ್ಕ "ಎಲ್ಲ ಅಂದ್ರೆ ಎಷ್ಟು ಜನ? ಅಕ್ಕಿ ನೆನೆಸ್ಬೇಕಲ್ಲ" ಅಂದಳಂತೆ.) ಕಾಫಿ ಅಂಗಡಿಯ ಹುಡುಗಿ ಲೋಟದ ಮೇಲೆ ಬರೆದದ್ದು ‘ಯೆಲ್ಲೋ’. ಅದೇ ವಾರ ಒಂದು ಕ್ಲಿನಿಕ್ಕಿನಲ್ಲಿ ನರ್ಸ್ ಫೈಲು ನೋಡಿಕೊಂಡು "ಜೆಲ್ಲಿ?" ಎಂದು ಕೂಗಿದಳು. ಯಾರೂ ಏಳಲಿಲ್ಲ. ಎರಡನೆಯ ಸಲ ಕೂಗಿದಾಗ ಆರಡಿ ಮೂರಂಗುಲದ ಜೆಲ್ಲಿ ಎದ್ದು ನಿಂತಿತು.

ಇವೆರಡು ಬೇರೆ ಬೇರೆ ತಪ್ಪುಗಳು. ಒಂದು ಕಿವಿಯ ತಪ್ಪು, ಇನ್ನೊಂದು ಕಣ್ಣಿನದು. ಹೆಸರು ಆರಿಸುವವರು ಎರಡನ್ನೂ ಪ್ರತ್ಯೇಕವಾಗಿ ನೋಡಬೇಕು. ಈ ಲೋಟಗಳ ಸಾಲಿನಿಂದ ನಾನು ಕಲಿತದ್ದನ್ನು ಮೊದಲೇ ಹೇಳಿಬಿಡುತ್ತೇನೆ: ನೋಡಲು ಕಷ್ಟವಾದ ಹೆಸರು ಅಷ್ಟೇನೂ ಕಾಡುವುದಿಲ್ಲ. ನೋಡಲು ಸುಲಭವಾದದ್ದೇ ಕೈಕೊಡುವುದು. ಎಸ್, ಜೆ, ಓ, ಇ, ಆರ್, ಡಿ ಅಂತ ಬರೆಯುವ ‘ಶೂರ್ತ್’ ಎಂಬ ಹೆಸರು ಕಂಡರೆ ಅಮೆರಿಕನ್ನರು ತಡೆದು, ನಕ್ಕು, "ಹೇಗೆ ಹೇಳಬೇಕು?" ಎಂದು ಕೇಳುತ್ತಾರೆ. ಜೆ, ಎ, ಎನ್ ಕಂಡರೆ ಕೇಳುವುದೇ ಇಲ್ಲ. ‘ಯಾನ್’ ಎಂಬ ಗಂಡಸು ಅವರ ಕಣ್ಣಿಗೆ ‘ಜ್ಯಾನ್’ ಎಂಬ ಹೆಂಗಸು. ಅವರ ಊರಿನಲ್ಲಿ ಜ್ಯಾನೆಟ್ಟನ್ನು ಚಿಕ್ಕದು ಮಾಡಿದರೆ ಅದೇ ತಾನೆ.

ಎರಡು ಅಕ್ಷರಗಳ ಮೋಸ

ಜೆ ಮೊದಲನೆಯದು. ಡಚ್ಚಿನಲ್ಲಿ ಅದು ಸಾಮಾನ್ಯವಾಗಿ ‘ಯ’. ಅಮೆರಿಕನ್ನರು ‘ಜ’ ಬಿಡುವುದಿಲ್ಲ. ಯಾಸ್ಪರ್ ಅಲ್ಲಿ ಜ್ಯಾಸ್ಪರ್, ಯೂಲಿಯ ಜೂಲಿಯ, ಯೆಸ್ಸ ಜೆಸ್ಸಿ. ಇವು ಕೆಟ್ಟ ಆಯ್ಕೆಗಳೇನಲ್ಲ, ಬರೆದರೆ ಎರಡೂ ದೇಶಕ್ಕೆ ಒಗ್ಗುತ್ತವೆ. ಆದರೆ ಮಗುವಿಗೆ ಅಜ್ಜಿಮನೆಯಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು ಎಂದು ಒಪ್ಪಿಕೊಂಡೇ ಇಡಬೇಕು. ನಮಗೆ ಇದು ಹೊಸದಲ್ಲ. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದ ಎಲ್ಲರೂ ‘ಡಿಜ್ಕ್‌ಸ್ಟ್ರಾ’ ಅಲ್ಗಾರಿದಂ ಬಾಯಿಪಾಠ ಮಾಡಿದವರೇ. ಅದನ್ನು ರೂಪಿಸಿದ ಕಂಪ್ಯೂಟರ್ ವಿಜ್ಞಾನಿಯ ಸರಿಯಾದ ಹೆಸರು ಡೈಕ್‌ಸ್ಟ್ರ. ಐ ಮತ್ತು ಜೆ ಜೊತೆಯಾಗಿ ಬಂದರೆ ‘ಐ’ಗೆ ಹತ್ತಿರದ ಒಂದೇ ಸ್ವರ. ರೋಟರ್‌ಡ್ಯಾಮಿನಲ್ಲಿ 1930ರಲ್ಲಿ ಹುಟ್ಟಿದ ಎಡ್ಸ್‌ಖರ್ ಡೈಕ್‌ಸ್ಟ್ರ 1984ರಲ್ಲಿ ಟೆಕ್ಸಸ್ಸಿನ ಆಸ್ಟಿನ್‌ಗೆ ಪಾಠ ಹೇಳಲು ಹೋದರು. ಕೊನೆಯ ‘ಸ್ಟ್ರ’ ಅಪ್ಪಟ ಫ್ರಿಸಿಯನ್ ಮನೆತನದ ಗುರುತು.

ಎರಡನೆಯದು ಕೊನೆಯ ಇ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಫ್ರಿಸಿಯನ್ ಹೆಸರುಗಳಲ್ಲಿ ಅರ್ಧಕ್ಕರ್ಧ ಇದರಿಂದಲೇ ಮುಗಿಯುತ್ತವೆ. ಆ ಇ ಎನ್ನುವುದು ಬಾಯಿ ಸಡಿಲ ಬಿಟ್ಟು ಅನ್ನುವ ಸಣ್ಣ ‘ಅ’. ಕನ್ನಡದವರಿಗೆ ಇದಕ್ಕಿಂತ ಸುಲಭ ಇನ್ನೊಂದಿಲ್ಲ. ಪದದ ಕೊನೆಗೆ ಮೆತ್ತಗೆ ‘ಅ’ ಅಂದು ಬಿಡುವುದು ನಾವು ದಿನವಿಡೀ ಮಾಡುವ ಕೆಲಸ. ‘ಸನ್ನ’ ಎಂಬ ಹೆಣ್ಣು ಹೆಸರು ನಮ್ಮ ಕಿವಿಗೆ ‘ಸಣ್ಣ’. ‘ನನ್ನ’ ಎಂಬ ಗಂಡು ಹೆಸರು ‘ನನ್ನ’ವೇ. ಸಾಕೆ ಎಂದು ಬರೆದು ‘ಸಾಕ’ ಎನ್ನುವ ಫ್ರಿಸಿಯನ್ ಗಂಡು ಹೆಸರು ಕೇಳಿ ಅಕ್ಕ "ಒಂದೇ ಮಗು ಸಾಕಾ ಅಂತಲೋ?" ಅಂದಳು. ಅಮೆರಿಕನ್ನರಿಗೆ ಅದು ಜಪಾನಿನ ಅಕ್ಕಿಯ ಮದ್ಯ.

ಇಂಗ್ಲಿಷ್ ಓದುವ ಕಣ್ಣಿಗೆ ಆ ಇ ಕಂಡರೆ ಎರಡೇ ದಾರಿ: ನುಂಗಿಬಿಡುವುದು, ಇಲ್ಲವೇ ‘ಈ’ ಅನ್ನುವುದು. ‘ಲೀಕ’ ಎನ್ನುವ ಹುಡುಗಿಯನ್ನು ಓದಿದರೆ ‘ಲೈಕ್’, ಕೇಳಿದರೆ ಸೋರುವ ‘ಲೀಕ್’ ನೆನಪಾಗುತ್ತದೆ. ‘ಮೀಕ’ಳನ್ನು ಓದಿದರೆ ‘ಮೈಕ್’. ‘ಹಿಡ್ಡ’ ಎಂಬ ಹುಡುಗನನ್ನು ಓದಿದರೆ ‘ಹೈಡ್’. ‘ಮಾಯ್ಕ’ ಎಂದು ಹೇಳಿ ಅಳಿಯ ತಂದ ಲೋಟದ ಮೇಲೆ ‘ಮೈಕಾ’ ಎಂದಿದೆ, ಬೈಬಲಿನ ಪ್ರವಾದಿಯ ಹೆಸರು. ಹೆಣ್ಣು ಮಗುವಿಗೆ ಅದೇನೂ ಅನಾಹುತವಲ್ಲ, ಆದರೆ ಫ್ರಿಸ್‌ಲಾಂಡೂ ಅಲ್ಲ.

ಜಿ ಅಕ್ಷರದ ವಿಷಯ ಬೇಗ ಮುಗಿಸುತ್ತೇನೆ. ಡಚ್ಚಿನಲ್ಲಿ ಅದು ಗಂಟಲು ಕೆರೆದುಕೊಂಡಂತೆ ‘ಖ’. ಖೈಸ್, ಖ್ಯೂಸ್ ಇಂಥವು ಅಮೆರಿಕದಲ್ಲಿ ಉಳಿಯುವುದಿಲ್ಲ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಟ್ಟಿದ ಖೀಡೊ ಫಾನ್ ರೋಸಮ್ ಅವರೇ ಅಮೆರಿಕದಲ್ಲಿ ‘ಗ್ವೀಡೋ’ ಆಗಿದ್ದಾರೆ. ಬೇರೆ ಹೆಸರು ನೋಡಿ.

ಉಚ್ಚಾರ ಸರಿಯಿದ್ದರೂ ಇಡಬಾರದವು

ತಪ್ಪಾಗಿ ಓದಿದರೆ ಮಗು ತಿದ್ದಬಹುದು. ಓದಿದ್ದು ಇಂಗ್ಲಿಷಿನ ಒಂದು ಪದವಾಗಿಬಿಟ್ಟರೆ ತಿದ್ದುವುದು ಯಾರನ್ನು? ‘ಯೋಕ’ ಎಂಬುದು ನೆದರ್‌ಲ್ಯಾಂಡ್ಸಿನಲ್ಲಿ ನಮ್ಮ ಅಮ್ಮಂದಿರ ವಯಸ್ಸಿನ ಎಷ್ಟೋ ಹೆಂಗಸರ ಹೆಸರು, ಅಲ್ಲಿನ ಮಹಿಳಾ ಚಳವಳಿಯ ಯೋಕ ಸ್ಮಿತ್ ಅವರದ್ದೂ ಅದೇ. ಇಂಗ್ಲಿಷಿನಲ್ಲಿ ಓದಿದರೆ ‘ಜೋಕ್’. ‘ಫ್ರೇಕ್’ ಓದಿದರೆ ‘ಫ್ರೀಕ್’, ಅಂದರೆ ವಿಲಕ್ಷಣ. ಐರೋಪ್ಯ ಆಯೋಗಕ್ಕೆ 1972-73ರಲ್ಲಿ ಅಧ್ಯಕ್ಷರಾಗಿದ್ದ ಸಿಕ್ಕೊ ಮಾನ್ಸ್‌ಹೋಲ್ತ್ ಅಮೆರಿಕದ ಏಳನೇ ಕ್ಲಾಸಿನಲ್ಲಿ ಕೂತಿದ್ದರೆ ‘ಸಿಕ್ಕೋ’, ಅಂದರೆ ವಿಕೃತ. ‘ಚೆರ್ಕ್’ ಎಂಬ ಸೊಗಸಾದ ಫ್ರಿಸಿಯನ್ ಹೆಸರು ‘ಜರ್ಕ್’ ಎಂಬ ಬೈಗುಳಕ್ಕೆ ಕೂದಲೆಳೆಯ ದೂರದಲ್ಲಿದೆ. ‘ಹಾರ್ಮ್’ ಎಂದರೆ ಕೇಡು. ‘ಫ್ಲೋರ್’ ಎಂಬ ಹುಡುಗಿ ಓದಿದರೂ ನೆಲ, ಕೇಳಿದರೂ ನೆಲ. ‘ತೈಸ್’ ಬರೆಯುವಾಗ ಟಿ ಪಕ್ಕ ಎಚ್ ಬರುವುದರಿಂದ ಓದುವವರು ತೊಡೆ ಅನ್ನುತ್ತಾರೆ. ‘ಫೊಕ್ಕ’ ಎಂಬುದರ ಬಗ್ಗೆ ನಾನು ಬರೆಯುವುದಿಲ್ಲ, ನೀವೇ ಜೋರಾಗಿ ಹೇಳಿ ನೋಡಿ.

ಇವುಗಳ ನಡುವೆ ‘ಟಾಕೊ’ ಒಂದು ವಿಚಿತ್ರ. ಹಳೆಯ ಫ್ರಿಸಿಯನ್ ಹೆಸರು ಅದು, ಮೆಕ್ಸಿಕೋದ ತಿಂಡಿಗೂ ಅದಕ್ಕೂ ಸಂಬಂಧವಿಲ್ಲ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ ನಿರ್ದೇಶಕರಾಗಿ 2016ರಿಂದ ಇರುವವರು ಟಾಕೊ ಡಿಬಿಟ್ಸ್. ಅಳಿಯನ ಪಟ್ಟಿಯಲ್ಲಿ ಅದು ನಾಲ್ಕನೆಯದಾಗಿತ್ತು. ನಾನು ಏನೂ ಹೇಳಲಿಲ್ಲ. ಮಂಗಳವಾರ ಮಧ್ಯಾಹ್ನ ಊಟಕ್ಕೆ ಕರೆದುಕೊಂಡು ಹೋಗಿ ಅಂಗಡಿಯ ಬೋರ್ಡು ತೋರಿಸಿದೆ. ಸಂಜೆಗೆ ಪಟ್ಟಿಯಲ್ಲಿ ಅದು ಇರಲಿಲ್ಲ.

ನಮ್ಮ ಕಡೆಯ ಅರ್ಥವನ್ನೂ ಒಮ್ಮೆ ನೋಡಿಕೊಳ್ಳಿ, ಬೇಸಿಗೆ ರಜೆಗೆ ಮಗು ಅಲ್ಲಿಗೂ ಬರುತ್ತದಲ್ಲ. ಡಚ್ ಅಮ್ಮಂದಿರ ಮೆಚ್ಚಿನ ‘ಲೊಟ್ಟ’ ಅಮೆರಿಕದಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಉಡುಪಿ ಕಡೆ ಲೊಟ್ಟೆ ಅಂದರೆ ಸುಳ್ಳು. ಇನ್ನು ಫ್ರಿಸಿಯನ್ನಿನಲ್ಲಿ ಅಜ್ಜಿಗೆ ‘ಬೆಪ್ಪ’ ಅನ್ನುತ್ತಾರೆ. ಅಳಿಯ ವೀಡಿಯೊ ಕರೆಯಲ್ಲಿ ತನ್ನ ಅಜ್ಜಿಯನ್ನು ಪ್ರೀತಿಯಿಂದ "ಬೆಪ್ಪ, ಬೆಪ್ಪ" ಎಂದು ಕರೆಯುವಾಗಲೆಲ್ಲ ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾಳೆ.

ಡಚ್ ಒಂದು ಥರ, ಫ್ರಿಸಿಯನ್ ಇನ್ನೊಂದು ಥರ

ಎರಡನ್ನೂ ಒಂದೇ ಗಂಟು ಕಟ್ಟಿ ನೋಡುವುದು ತಪ್ಪು. ಈಗ ನೆದರ್‌ಲ್ಯಾಂಡ್ಸಿನಲ್ಲಿ ಹುಟ್ಟುವ ಮಕ್ಕಳಿಗೆ ಇಡುವ ಡಚ್ ಹೆಸರುಗಳು ಬಹುಪಾಲು ಚಿಕ್ಕವು, ಒಂದೇ ಉಸಿರಿನವು: ಡಾನ್, ಸೆಮ್, ಬ್ರಾಮ್, ಫಿನ್, ಟೆಸ್, ಸಾರ್. ಅಮೆರಿಕದಲ್ಲಿ ಇವಕ್ಕೆ ಜಗಳವೇ ಇಲ್ಲ, ಸದ್ದಿಲ್ಲದೆ ಕರಗಿಹೋಗುತ್ತವೆ. ಡಾನ್ ಎಂಬುದನ್ನು ಎರಡು ಎ ಹಾಕಿ ಬರೆದರೆ ಓದುವವರಿಗೆ ಡ್ಯಾನ್, ಹೇಳಿದರೆ ಲೋಟದ ಮೇಲೆ ಬರುವುದು ಡಿ, ಓ, ಎನ್, ಅಂದರೆ ಎಪ್ಪತ್ತು ದಾಟಿದ ಅಮೆರಿಕನ್ ಅಜ್ಜನ ಹೆಸರು. ಸೆಮ್ ಎಂದರೆ ಸ್ಯಾಮ್. ಫಿನ್ ಫಿನ್ನೇ. ಯಾರಿಗೂ ತೊಂದರೆಯಿಲ್ಲ, ಆದರೆ ಹುಡುಗ ಡಚ್ ಮೂಲದವನೆಂದು ಯಾರಿಗೂ ತಿಳಿಯುವುದೂ ಇಲ್ಲ.

ಫ್ರಿಸಿಯನ್ ಹೆಸರು ಕರಗುವುದಿಲ್ಲ. ಶೂರ್ತ್, ಚಿತ್ಸ್‌ಕ, ದೌತ್ಸೆನ್, ರಿನ್ಸ್‌ಕ, ಹಿಲ್ಕ, ಬೌಕ: ನೆದರ್‌ಲ್ಯಾಂಡ್ಸಿನಲ್ಲೇ ಇವನ್ನು ಕೇಳಿದ ಕೂಡಲೇ "ಓ, ನೀವು ಅಲ್ಲಿಯವರಾ?" ಅನ್ನುತ್ತಾರೆ, ನಾವು ಹೆಸರಿನ ಕೊನೆಯ ಭಟ್ಟ, ಶೆಟ್ಟಿ, ಪಾಟೀಲ ಕೇಳಿ ಊರು ಊಹಿಸುವ ಹಾಗೆ. ಫ್ರಿಸಿಯನ್ ಭಾಷೆ ಇಂಗ್ಲಿಷಿಗೆ ತೀರಾ ಹತ್ತಿರದ ನೆಂಟ ಎಂಬುದು ಇಲ್ಲಿನ ತಮಾಷೆ. ಬೆಣ್ಣೆ, ಬ್ರೆಡ್ಡು, ಹಸಿರು ಚೀಸು ಎಂಬುದನ್ನು ಸರಿಯಾಗಿ ಹೇಳಲಾರದವನು ನಿಜವಾದ ಫ್ರಿಸಿಯನ್ ಅಲ್ಲ ಎಂಬ ಗಾದೆ ಅವರಲ್ಲಿದೆ. 16ನೇ ಶತಮಾನದ ಬಂಡಾಯಗಾರ ಪಿಯರ್ ಖೆರ್ಲೊಫ್ಸ್ ಡೋನಿಯ ಅದನ್ನು ಹೇಳಿಸಿಯೇ ಶತ್ರುಗಳನ್ನು ಹಿಡಿಯುತ್ತಿದ್ದ ಎಂದು ಕಥೆ. ನಾಲಿಗೆಯ ಪರೀಕ್ಷೆ ಮಾಡಿ ಬದುಕಿದ ಜನ. ಈಗ ಅವರ ಮೊಮ್ಮಕ್ಕಳ ಪರೀಕ್ಷೆ ಕಾಫಿ ಕೌಂಟರಿನಲ್ಲಿ ನಡೆಯುತ್ತಿದೆ.

ಶೂರ್ತ್ ಎಂದು ಹೇಳಿ ಕಾಫಿ ಕೇಳಿದ ದಿನ ನಾನೂ ಜೊತೆಗಿದ್ದೆ. ನನಗಂತೂ ಅದು ‘ಶೂರ’ ಎಂದೇ ಕೇಳಿಸಿತು, ಖುಷಿಯಾಯಿತು. ಹುಡುಗ ಮಾತ್ರ ಮಾರ್ಕರ್ ಎತ್ತಿಕೊಂಡು, "ಸರ್, ನೀವು ಹೇಳಿದ್ದು ದೊಡ್ಡ ಲೋಟ ಅಲ್ವಾ? ಶಾರ್ಟ್ ಬೇಕಾ?" ಅಂದ.

ಇನ್ನೊಂದು ತೊಡಕು ಹೆಣ್ಣು ಗಂಡಿನದ್ದು. ಡಚ್ಚರಲ್ಲಿ ಕೊನೆಯ ‘ಕ’ ಬಂದರೆ ಸಾಮಾನ್ಯವಾಗಿ ಹುಡುಗಿ: ಆನ್ನೆಕ, ಮರೀಕ, ಲೀಕ. ಫ್ರಿಸಿಯನ್ನರಲ್ಲಿ ಹುಡುಗಿಯೂ ಆಗಬಹುದು, ಹುಡುಗನೂ ಆಗಬಹುದು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಜಿಮ್ನಾಸ್ಟಿಕ್ಸಿನ ಹೈ ಬಾರ್‌ನಲ್ಲಿ ಚಿನ್ನ ಗೆದ್ದ ಎಪ್ಕ ಜೊಂಡರ್‌ಲಾಂತ್ ಗಂಡಸು. ಹಿಲ್ಕ, ಔಕ, ಬೌಕ ಎಲ್ಲ ಗಂಡಸರೇ. ಅಮೆರಿಕನ್ ಕಿವಿಗೆ ‘ಅ’ದಲ್ಲಿ ಮುಗಿದದ್ದೆಲ್ಲ ಹೆಚ್ಚುಕಡಿಮೆ ಹೆಣ್ಣು. ಇದರ ತುತ್ತತುದಿ ‘ಅನ್ನ’. ಎ, ಎರಡು ಎನ್, ಇ. ಪ್ರಪಂಚಕ್ಕೆಲ್ಲ ಅದು ಹೆಣ್ಣು ಹೆಸರು, ಫ್ರಿಸ್‌ಲಾಂಡಿನಲ್ಲಿ ಗಂಡಸಿಗೂ ಇಡುತ್ತಾರೆ. ಅಳಿಯನ ಅಜ್ಜನ ಹೆಸರು ಅದೇ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ಅವರಲ್ಲೂ ನಮ್ಮಷ್ಟೇ ಗಟ್ಟಿ, ಹಾಗಾಗಿ ಅದನ್ನು ಪಟ್ಟಿಯಿಂದ ತೆಗೆಯುವ ಧೈರ್ಯ ಯಾರಿಗೂ ಇಲ್ಲ. ಅವನೇ ಹೋಗಿ "ಅನ್ನ" ಎಂದು ಹೇಳಿ ಬಂದ. ಲೋಟ ಸಿದ್ಧವಾದಾಗ ಹುಡುಗಿ "ಆನಾ!" ಎಂದು ಕೂಗಿ ಇವನ ಭುಜದ ಮೇಲಿಂದ ಹಿಂದೆ ಯಾವ ಹೆಂಗಸಿದ್ದಾಳೆ ಎಂದು ಹುಡುಕಿದಳು. ಗಡ್ಡದವನು ಕೈ ಎತ್ತಿದ.

ಅಮೆರಿಕನ್ನರ ಮನೆಯೊಳಗಿನ ಡಚ್

ಡಚ್ ಹೆಸರು ಅವರಿಗೆ ಹೊಸದು ಅಂದುಕೊಳ್ಳಬೇಡಿ. ಎಂಟನೇ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರೆನ್ ಮನೆಮಾತು ಡಚ್ಚೇ. ನ್ಯೂಯಾರ್ಕ್ ನ್ಯೂ ಆಮ್‌ಸ್ಟರ್‌ಡ್ಯಾಮ್ ಆಗಿದ್ದಾಗ, 1664ರಲ್ಲಿ ಅದನ್ನು ಇಂಗ್ಲಿಷರಿಗೆ ಒಪ್ಪಿಸಿದ ಪೀಟರ್ ಸ್ಟೈವೆಸೆಂಟ್ ಫ್ರಿಸ್‌ಲಾಂಡಿನಲ್ಲಿ ಹುಟ್ಟಿದವನು. ಅಮೆರಿಕನ್ ಹೆಣ್ಣುಮಕ್ಕಳಿಗೆ ಈಗ ಇಡುವ ‘ಬ್ರೂಕ್ಲಿನ್’ ಊರ ಹೆಸರಿನಿಂದ ಬಂದದ್ದು, ಆ ಊರಿಗೆ ಹೆಸರು ಬಂದದ್ದು ಉಟ್ರೆಖ್ಟ್ ಹತ್ತಿರದ ಬ್ರೂಕಲನ್ ಎಂಬ ಹಳ್ಳಿಯಿಂದ. ‘ಸ್ಕೈಲರ್’ ಎಂಬುದು ಸ್ಖೈಲರ್ ಎಂಬ ಡಚ್ ಮನೆತನದ ಹೆಸರನ್ನು ಕಿವಿಗೆ ಕೇಳಿದ ಹಾಗೆ ಬರೆದದ್ದು. ಗಂಟಲ ಸದ್ದು ತೆಗೆದು, ಅಕ್ಷರ ತಿದ್ದಿಕೊಂಡ ಮೇಲೇ ಇವು ಅಲ್ಲಿ ಬೇರೂರಿದ್ದು.

ನಮ್ಮ ಪಶ್ಚಿಮ ಮಿಷಿಗನ್ನಿನಲ್ಲಿ ಇದನ್ನು ಪ್ರತಿ ಬೀದಿಯಲ್ಲೂ ನೋಡಬಹುದು. 1847ರಲ್ಲಿ ಡಚ್ ವಲಸಿಗರು ಹಾಲೆಂಡ್ ಎಂಬ ಊರನ್ನೇ ಕಟ್ಟಿದರು, ಹತ್ತಿರದಲ್ಲೇ ಫ್ರಿಸಿಯನ್ನರು ವ್ರೀಸ್‌ಲ್ಯಾಂಡ್ ಕಟ್ಟಿದರು. ಡೈಕ್‌ಸ್ಟ್ರಗಳು, ಜೈಲ್‌ಸ್ಟ್ರಗಳು ಐ-ಜೆ ಬಿಟ್ಟು ವೈ ಹಾಕಿಕೊಂಡರು. ಯಾನ್ ಜಾನ್ ಆದ, ಹೆಂಡ್ರಿಕ್ ಹೆನ್ರಿ ಆದ. ಮನೆತನ ಉಳಿಯಿತು, ಕೂಗುವ ಹೆಸರು ಹೋಯಿತು. ಹಾಗಾಗಿ ಇಲ್ಲಿ ಆಸ್ಪತ್ರೆಯ ಕೌಂಟರಿನಲ್ಲಿ ಕೂತವರು ಹೂಕ್‌ಸ್ಟ್ರ, ಬೌಮ ಎಂಬುದನ್ನೆಲ್ಲ ನೀರು ಕುಡಿದ ಹಾಗೆ ಓದುತ್ತಾರೆ, ಅದೇ ಫೈಲಿನ ಮೊದಲ ಹೆಸರಿಗೆ ಬಂದು ಎಡವುತ್ತಾರೆ.

‘ಕೂಗುವ ಹೆಸರು’ ಅಂದೆನಲ್ಲ, ಡಚ್ಚರಲ್ಲಿ ಅದಕ್ಕೆ ಇದೇ ಅರ್ಥದ ಪದವಿದೆ, ‘ರೂಪ್‌ನಾಮ್’. ದಾಖಲೆಯಲ್ಲಿ ಕೊರ್ನೇಲಿಸ್, ಮನೆಯಲ್ಲಿ ಕೇಸ್. ನಮ್ಮಲ್ಲಿ ಜಾತಕಕ್ಕೊಂದು, ಕೂಗುವುದಕ್ಕೊಂದು ಇದ್ದ ಹಾಗೆ. ಅಮೆರಿಕದಲ್ಲಿ ಈ ಉಪಾಯ ತಿರುವಿ ಹಾಕಿ ಬಳಸಿದರೆ ಒಳ್ಳೆಯದು: ಮೊದಲ ಹೆಸರು ಅಲ್ಲಿನವರ ಬಾಯಿಗೆ ಬರುವಂಥದ್ದು, ಮಧ್ಯದ ಹೆಸರು ಬೆಪ್ಪನ ಮನಸ್ಸಿಗೆ ಬರುವಂಥದ್ದು. ಮತ್ತೈಸ್ ಎಂದಿಟ್ಟರೆ ಶಾಲೆಯಲ್ಲಿ ಮ್ಯಾಟ್ ಆಗುತ್ತಾನೆ, ಅಜ್ಜಿಮನೆಯಲ್ಲಿ ತೈಸ್. ಆದರೆ ಅಕ್ಷರದ ಮೇಲೆ ಟೋಪಿಯಂಥ (^) ಗುರುತಿರುವ ಫ್ರಿಸಿಯನ್ ಹೆಸರು ಬೇಡ. ಪಾಸ್‌ಪೋರ್ಟಿನ ಯಂತ್ರ ಓದುವ ಸಾಲಿಗೆ ಗೊತ್ತಿರುವುದು ಎ ಇಂದ ಝಡ್ ಮಾತ್ರ, ಟೋಪಿ ಅಲ್ಲಿ ಹಾರಿಹೋಗುತ್ತದೆ.

ಹಾಗಾದರೆ ಯಾವುದು?

ಹುಡುಗಿಯಾದರೆ ಫೆಮ್ಕ ಮತ್ತು ನಿಂಕ ನಡುವೆ ಫೆಮ್ಕ. ನಿಂಕ ಚೆಲುವಾದ ಹೆಸರು, ಆದರೆ ಅದನ್ನು ಬರೆಯುವುದು ವೈ ಹಾಕಿ, ಅಮೆರಿಕನ್ನರು ನೈಂಕ್ ಅನ್ನದೆ ಬಿಡರು. ಫೆಮ್ಕವನ್ನು ಬರೆದಂತೆ ಓದಬಹುದು, ಕೊನೆಯ ಸ್ವರ ಅತ್ತಿತ್ತಾದರೂ ಬೇರೆ ಪದವಾಗುವುದಿಲ್ಲ. ಓಟಗಾರ್ತಿ ಫೆಮ್ಕ ಬೊಲ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಮಿಶ್ರ ರಿಲೇಯಲ್ಲಿ ಅಮೆರಿಕವನ್ನೇ ಹಿಂದಿಕ್ಕಿ ಚಿನ್ನ ತಂದಾಗ ಇಲ್ಲಿನ ಟಿವಿಯವರೂ ಹೇಳಿ ಹೇಳಿ ರೂಢಿ ಮಾಡಿಕೊಂಡರು. ಫಾಮ್ಕ ಇನ್ನೂ ಪರಿಚಿತ, ಹಾಲಿವುಡ್ಡಿನ ಫಾಮ್ಕ ಯಾನ್ಸೆನ್ ದಯೆಯಿಂದ. ಆದರೆ ಫ್ರಿಸಿಯನ್ನಿನಲ್ಲಿ ಫಾಮ್ಕ ಎಂದರೆ ಪುಟ್ಟ ಹುಡುಗಿ ಎಂದಷ್ಟೇ ಅರ್ಥ. ನಮ್ಮಲ್ಲಿ ‘ಪುಟ್ಟಿ’ ಎಂದು ಪಾಸ್‌ಪೋರ್ಟಿನಲ್ಲಿ ಬರೆಸಿದ ಹಾಗೆ. ನನಗೇನೋ ಇಷ್ಟ, ಬೆಪ್ಪ ನಕ್ಕುಬಿಟ್ಟರು.

ಯಾರ ತಲೆನೋವೂ ಬೇಡ ಅನ್ನುವವರಿಗೆ ಸಾಸ್ಕಿಯ. ಡಚ್ ಚಿತ್ರಕಾರ ರೆಂಬ್ರಾಂಟನ ಹೆಂಡತಿ ಸಾಸ್ಕಿಯ, 1612ರಲ್ಲಿ ಫ್ರಿಸ್‌ಲಾಂಡಿನ ರಾಜಧಾನಿ ಲೇವಾರ್ಡನ್‌ನಲ್ಲಿ ಹುಟ್ಟಿದವಳು. ಕೊನೆಗೆ ಎ ಇರುವುದರಿಂದ ಕಣ್ಣು, ಕಿವಿ ಎರಡೂ ಒಪ್ಪುತ್ತವೆ. ಸರಿಯಾಗಿ ಬಂದ ಎರಡು ಲೋಟಗಳಲ್ಲಿ ಒಂದು ಅದು, ಇನ್ನೊಂದು ಫಿನ್. ಅಕ್ಕನ ಮಗಳಿಗೆ ಮಾತ್ರ ಅದು ಮ್ಯೂಸಿಯಮ್ಮಿನ ವಾಸನೆ.

ಹುಡುಗನಾದರೆ ಬ್ರಾಮ್ ಮತ್ತು ಡಾನ್ ನಡುವೆ ನಾನು ಬ್ರಾಮ್ ಅನ್ನುತ್ತೇನೆ. ಬ್ರ್ಯಾಮ್ ಅಂದರೂ ಗುರುತು ಸಿಗುತ್ತದೆ, ಡಾನ್ ಪೂರ್ತಿ ಕಳೆದುಹೋಗುತ್ತಾನೆ. ಫ್ರಿಸಿಯನ್ನಿನದೇ ಬೇಕಾದರೆ ಶೂರ್ತ್‌ಗಿಂತ ಸೀಬ್ರನ್. ಸೈಬ್ರೆನ್ ಎಂದು ಓದುತ್ತಾರೆ, ಒಮ್ಮೆ ತಿದ್ದಿದರೆ ನೆನಪಿಟ್ಟುಕೊಳ್ಳುತ್ತಾರೆ, ನಗುವಂಥ ಪದ ಯಾವುದೂ ಅದರ ನೆರೆಯಲ್ಲಿಲ್ಲ. ಯೆಲ್ಮರ್ ಕೂಡ ಚಂದ, ಆದರೆ ಅಪ್ಪ ಒಬ್ಬ ಜೆಲ್ಲಿ ಆಗಿರುವ ಮನೆಯಲ್ಲಿ ಇನ್ನೊಂದು ಜೆ ಬೇಡ. ಆರಿಸುವ ಮುನ್ನ ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ಇಲಾಖೆಯ ಪಟ್ಟಿ ನೋಡಿ, ವರ್ಷಕ್ಕೆ ಐದು ಮಕ್ಕಳಿಗಾದರೂ ಇಟ್ಟ ಹೆಸರು ಅದರಲ್ಲಿ ಸಿಗುತ್ತದೆ. ಆಮ್‌ಸ್ಟರ್‌ಡ್ಯಾಮಿನ ಮೆರ್ಟೆನ್ಸ್ ಸಂಸ್ಥೆಯ ಹೆಸರಿನ ಕೋಶ ಯಾವ ಹೆಸರು ನೆದರ್‌ಲ್ಯಾಂಡ್ಸಿನ ಯಾವ ಮೂಲೆಯದೆಂದು ನಕ್ಷೆಯಲ್ಲೇ ತೋರಿಸುತ್ತದೆ. ಎರಡೂ ಪುಕ್ಕಟೆ, ಕಾಫಿಗಿಂತ ಅಗ್ಗ.

ಈ ಭಾನುವಾರದ ಮಟ್ಟಿಗೆ ಆಗಿರುವ ತೀರ್ಮಾನ: ಹೆಣ್ಣಾದರೆ ಫೆಮ್ಕ, ಗಂಡಾದರೆ ಸೀಬ್ರನ್, ಮಧ್ಯದಲ್ಲಿ ಅಜ್ಜನ ‘ಅನ್ನ’. ಹೆಣ್ಣಿಗೂ ಗಂಡಿಗೂ ಒಂದೇ ಮಧ್ಯದ ಹೆಸರಾಯಿತೆಂದು ಬೆಪ್ಪ ಖುಷಿಯಾಗಿದ್ದಾರೆ. ಅಕ್ಕ ಮೊದಲ ಹೆಸರುಗಳ ಗೋಜಿಗೇ ಹೋಗಿಲ್ಲ. ದಿನಾ ರಾತ್ರಿ ಫೋನು ಮಾಡಿ ಮಗಳನ್ನು ಕೇಳುವುದು ಒಂದೇ: "ಇವತ್ತು ಅಣ್ಣ ಒದ್ದನಾ?"